ಸಿಗಡಿ ಮೈಗೆ ಆಗದಿದ್ದರೆ: ನಂಜೋ, ಅಲರ್ಜಿಯೋ?



ತಪಸ್ಸು ಕಾಲ ಹತ್ತಿರ ಬಂದಿದೆ. ವಿಭೂತಿ ಬುಧವಾರದಿಂದ ಪಾಸ್ಖ ಹಬ್ಬದವರೆಗೆ ನಮ್ಮ ಹಲವು ಮನೆಗಳಲ್ಲಿ ಮಾಂಸದ ಅಡುಗೆ ನಿಲ್ಲುತ್ತದೆ. ಅದರ ಜಾಗಕ್ಕೆ ಮೀನು, ಸಿಗಡಿ, ಮರುವಾಯಿ ಬರುತ್ತವೆ. ಧರ್ಮಸಭೆಯ ಕಾನೂನು ಸಂಹಿತೆಯ 1251ನೇ ವಿಧಿ ಶುಕ್ರವಾರಗಳಲ್ಲಿ ವರ್ಜಿಸಲು ಹೇಳುವುದು ಮಾಂಸವನ್ನು. ಕಡಲಿನ ಆಹಾರ ಆ ಲೆಕ್ಕಕ್ಕೆ ಬರುವುದಿಲ್ಲ. ಹೀಗಾಗಿ ಕಾಸರಗೋಡಿನ ಕರಾವಳಿಯಲ್ಲಿರುವ ನಮಗೆ ಇದು ಸಿಗಡಿಯ ಕಾಲವೂ ಹೌದು. ಈ ತಿಂಗಳ ಆರೋಗ್ಯ ಪಾಠಕ್ಕೆ ನಾವು ಸಿಗಡಿ, ಏಡಿ, ಮರುವಾಯಿಗಳ ಅಲರ್ಜಿಯನ್ನೇ ಆರಿಸಿಕೊಂಡದ್ದು ಇದಕ್ಕಾಗಿ. ಇನ್ನೊಂದು ಕಾರಣವೂ ಇದೆ. ಅದನ್ನು ಮೊದಲು ಹೇಳಿಬಿಡುತ್ತೇವೆ.

ಕೆಲವು ವರ್ಷಗಳ ಹಿಂದೆ ನಮ್ಮ ಒಂದು ವಾಳೆಯ ಸ್ನೇಹಕೂಟದಲ್ಲಿ ಕಾಲೇಜಿಗೆ ಹೋಗುವ ಹುಡುಗನೊಬ್ಬ ಊಟಕ್ಕೆ ಕುಳಿತಿದ್ದ. ತನಗೆ ಸಿಗಡಿ ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. ಅದಕ್ಕಾಗಿ ಅನ್ನ, ಸಾರು ಮತ್ತು ತೆಂಗಿನಕಾಯಿ ಚಟ್ನಿ ಮಾತ್ರ ಹಾಕಿಸಿಕೊಂಡ. ಚಟ್ನಿ ಬಡಿಸುವಾಗ "ಇದರಲ್ಲಿ ಮೀನು ಉಂಟಾ?" ಎಂದು ಕೇಳಿದ. "ಇಲ್ಲ ಮಗಾ, ಮೀನಿಲ್ಲ" ಎಂಬ ಉತ್ತರ ಬಂತು. ಉತ್ತರ ಸುಳ್ಳಲ್ಲ. ಚಟ್ನಿಯಲ್ಲಿ ಮೀನು ಇರಲಿಲ್ಲ, ಹುರಿದು ಅರೆದ ಒಣ ಸಿಗಡಿ ಇತ್ತು. ನಮ್ಮ ಮಾತಿನಲ್ಲಿ ಸಿಗಡಿಯನ್ನು ಯಾರೂ ಮೀನೆಂದು ಎಣಿಸುವುದಿಲ್ಲವಲ್ಲ!

ಹತ್ತು ನಿಮಿಷದೊಳಗೆ ಅವನ ತುಟಿ ಊದಿತು. ಕುತ್ತಿಗೆ, ತೋಳುಗಳ ಮೇಲೆ ಕೆಂಪು ದದ್ದುಗಳೆದ್ದವು. ಸ್ವರ ಒಡೆಯತೊಡಗಿತು. ನಮ್ಮಲ್ಲಿ ಒಬ್ಬರು ಪಿತ್ತವೆಂದು ಲಿಂಬೆ ಪಾನಕ ಕುಡಿಸಿದರು. ಇನ್ನೊಬ್ಬರು ಅಲರ್ಜಿ ಮಾತ್ರೆ ಕೊಟ್ಟು, ಸ್ವಲ್ಪ ಹೊತ್ತು ನೋಡೋಣ ಎಂದರು. ಕೊನೆಗೆ ಕಾರು ನಿಂತಿದ್ದ ರಸ್ತೆಯವರೆಗೆ ಅವನನ್ನು ನಡೆಸಿಕೊಂಡು ಹೋದೆವು. ದಾರಿಯಲ್ಲೇ ಕುಸಿದುಬಿದ್ದ. ದೇವರ ದಯೆಯಿಂದ ಆಸ್ಪತ್ರೆ ದೂರವಿರಲಿಲ್ಲ. ತೊಡೆಗೆ ಕೊಟ್ಟ ಒಂದು ಚುಚ್ಚುಮದ್ದು ಅವನನ್ನು ಉಳಿಸಿತು.

ಅಂದು ಅಲ್ಲಿದ್ದವರೆಲ್ಲ ಪ್ರೀತಿಯಿಂದಲೇ ಓಡಾಡಿದೆವು. ಆದರೆ ನಾವು ಮಾಡಿದ ಮೂರು ಕೆಲಸಗಳೂ ತಪ್ಪಾಗಿದ್ದವು. ತಿಳಿವಳಿಕೆ ಇಲ್ಲದ ಪ್ರೀತಿ ಎಷ್ಟು ಅಪಾಯಕಾರಿ ಎಂಬುದನ್ನು ಅಂದು ಕಣ್ಣಾರೆ ಕಂಡೆವು. ಈ ಪಾಠ ಅಲ್ಲಿಂದ ಹುಟ್ಟಿದ್ದು.

ನಂಜು ಬೇರೆ, ಅಲರ್ಜಿ ಬೇರೆ

ಸಿಗಡಿ, ಏಡಿ ನಂಜು ಎಂದು ನಮ್ಮ ಹಿರಿಯರು ಹೇಳುತ್ತಾರೆ. ಗಾಯವಾದಾಗ, ಆಪರೇಷನ್ ಆದಾಗ, ಮೈಯಲ್ಲಿ ಕಜ್ಜಿ ಎದ್ದಾಗ ಅವನ್ನು ಕೊಡುವುದಿಲ್ಲ. ಈ ನಂಜಿನ ಲೆಕ್ಕ ಎಲ್ಲರಿಗೂ ಅನ್ವಯಿಸುವ ಒಂದು ಪಥ್ಯ. ನಾಲ್ಕು ದಿನ ಬಿಟ್ಟು ಮತ್ತೆ ತಿನ್ನಬಹುದು, ಸ್ವಲ್ಪ ತಿಂದರೂ ನಡೆಯುತ್ತದೆ ಎಂಬ ಭಾವನೆ ಅದರ ಹಿಂದೆ ಇದೆ.

ಅಲರ್ಜಿ ಹಾಗಲ್ಲ. ಅದು ಕೆಲವರಿಗೆ ಮಾತ್ರ ಇರುವುದು. ಅಂಥವರಿಗೆ 'ಸ್ವಲ್ಪ' ಎಂಬ ಅಳತೆಯೇ ಇಲ್ಲ. ಒಂದು ಸೌಟಿಗೆ ಅಂಟಿದ ಸಾರು ಸಾಕಾಗಬಹುದು. ನಂಜು ಮತ್ತು ಅಲರ್ಜಿಯನ್ನು ಒಂದೇ ಎಂದುಕೊಂಡರೆ ಎರಡು ಬಗೆಯ ಅನ್ಯಾಯ ಆಗುತ್ತದೆ. ನಿಜವಾದ ಅಲರ್ಜಿ ಇರುವವರಿಗೆ "ಒಂದು ತುಂಡು ತಿಂದು ನೋಡು, ಅಭ್ಯಾಸ ಆಗುತ್ತದೆ" ಎಂದು ಒತ್ತಾಯಿಸುತ್ತೇವೆ. ಅಲರ್ಜಿ ಇಲ್ಲದ ಮಗುವಿಗೆ, ಒಮ್ಮೆ ಮೈ ತುರಿಸಿತೆಂದು, ಜೀವಮಾನವಿಡೀ ಕಡಲಿನ ಆಹಾರವನ್ನೇ ತಪ್ಪಿಸುತ್ತೇವೆ. ಎರಡಕ್ಕೂ ಒಂದೇ ಮದ್ದು: ಊಹೆ ಬಿಟ್ಟು, ವೈದ್ಯರ ಬಳಿ ಖಚಿತ ಮಾಡಿಕೊಳ್ಳುವುದು.

ಯಾವ ಯಾವ ಜೀವಿಗಳು?

ಇವುಗಳಲ್ಲಿ ಎರಡು ಗುಂಪುಗಳಿವೆ. ಮೊದಲನೆಯದು ಕಾಲು ಮತ್ತು ಕವಚ ಇರುವವು: ಸಿಗಡಿ, ಏಡಿ, ಕಡಲೇಡಿ. ಎರಡನೆಯದು ಮೃದು ದೇಹದವು: ಮರುವಾಯಿ, ಪಚ್ಚಿಲೆ, ಸಿಂಪಿ, ಬೊಂಡಾಸ್. ಅಲರ್ಜಿ ಹೆಚ್ಚಾಗಿ ಕಾಣುವುದು ಮೊದಲ ಗುಂಪಿಗೆ. ಸಿಗಡಿ ಆಗದವರಲ್ಲಿ ಹೆಚ್ಚಿನವರಿಗೆ ಏಡಿಯೂ ಆಗುವುದಿಲ್ಲ. ಕೆಲವರಿಗೆ ಎರಡನೆಯ ಗುಂಪೂ ಆಗುವುದಿಲ್ಲ, ಕೆಲವರಿಗೆ ಆಗುತ್ತದೆ. ಇದನ್ನು ಪರೀಕ್ಷೆಯೇ ಹೇಳಬೇಕು.

ಬಂಗುಡೆ, ಬೂತಾಯಿ, ಅಂಜಲ್ ಮುಂತಾದ ಮೀನುಗಳು ಇವೆರಡಕ್ಕೂ ಸೇರುವುದಿಲ್ಲ. ಮೀನಿನ ಅಲರ್ಜಿಗೆ ಕಾರಣವಾಗುವ ಪ್ರೋಟೀನೇ ಬೇರೆ. ಸಿಗಡಿ ಆಗದವರು ಮೀನು ತಿನ್ನಬಹುದಾದ ಸಾಧ್ಯತೆ ಹೆಚ್ಚು. ಆದರೆ ಅದೇ ಮಂಜುಗಡ್ಡೆಯಲ್ಲಿ, ಅದೇ ಬುಟ್ಟಿಯಲ್ಲಿ ಸಿಗಡಿಯ ಜೊತೆ ಇಟ್ಟ ಮೀನಿನ ವಿಷಯದಲ್ಲಿ ಎಚ್ಚರ ಬೇಕು.

ನಮ್ಮದು ಹಲವು ಭಾಷೆಗಳ ಧರ್ಮಪ್ರಾಂತ. ಒಂದೇ ಜೀವಿಗೆ ಒಂದೇ ಓಣಿಯಲ್ಲಿ ನಾಲ್ಕು ಹೆಸರುಗಳು. ಈ ಪಟ್ಟಿಯನ್ನು ಅಡುಗೆಮನೆಯಲ್ಲಿ ಅಂಟಿಸಿಡಿ:

ಸಿಗಡಿ: ತುಳುವಿನಲ್ಲಿ ಎಟ್ಟಿ, ಕೊಂಕಣಿಯಲ್ಲಿ ಸುಂಗ್ಟಾಂ, ಮಲಯಾಳದಲ್ಲಿ ಚೆಮ್ಮೀನ್.
ಏಡಿ: ತುಳುವಿನಲ್ಲಿ ಡೆಂಜಿ, ಕೊಂಕಣಿಯಲ್ಲಿ ಕುರ್ಲಿ, ಮಲಯಾಳದಲ್ಲಿ ಞಂಡ್.
ಮರುವಾಯಿ: ಕೊಂಕಣಿಯಲ್ಲಿ ಖುಬೆ, ಮಲಯಾಳದಲ್ಲಿ ಕಕ್ಕ.
ಪಚ್ಚಿಲೆ: ಮಲಯಾಳದಲ್ಲಿ ಕಡುಕ್ಕ ಅಥವಾ ಕಲ್ಲುಮ್ಮಕ್ಕಾಯ. ನಮ್ಮ ಜಿಲ್ಲೆಯ ಪಡನ್ನದ ಹಿನ್ನೀರಿನಲ್ಲಿ ಬೆಳೆಸುವುದು ಇದನ್ನೇ.
ಬೊಂಡಾಸ್: ಮಲಯಾಳದಲ್ಲಿ ಕೂಂದಲ್.

ದೇಹದೊಳಗೆ ಏನಾಗುತ್ತದೆ?

ರೋಗಾಣುಗಳಿಂದ ನಮ್ಮನ್ನು ಕಾಯಲು ದೇಹದಲ್ಲಿ ಒಂದು ಕಾವಲು ವ್ಯವಸ್ಥೆ ಇದೆ. ಅಲರ್ಜಿ ಇರುವವರಲ್ಲಿ ಈ ಕಾವಲು ಸಿಗಡಿಯ ಒಂದು ಪ್ರೋಟೀನನ್ನು ಶತ್ರುವೆಂದು ತಪ್ಪಾಗಿ ಗುರುತಿಸಿ, ಅದರ ವಿರುದ್ಧ ಐಜಿಇ ಎಂಬ ಪ್ರತಿಕಾಯವನ್ನು ತಯಾರಿಸಿ ಇಟ್ಟುಕೊಳ್ಳುತ್ತದೆ. ಮುಂದಿನ ಸಲ ಆ ಪ್ರೋಟೀನು ಒಳಗೆ ಬಂದಾಗ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳು ಒಮ್ಮೆಲೇ ಬಿಡುಗಡೆಯಾಗುತ್ತವೆ. ತುರಿಕೆ, ಊತ, ಉಸಿರು ಕಟ್ಟುವುದು, ರಕ್ತದೊತ್ತಡ ಕುಸಿಯುವುದು ಎಲ್ಲವೂ ಇದರಿಂದಲೇ.

ಆ ಪ್ರೋಟೀನಿನ ಹೆಸರು ಟ್ರೋಪೋಮಯೋಸಿನ್. ಅದು ಸಿಗಡಿಯ ಮಾಂಸಖಂಡದಲ್ಲಿ ಇರುತ್ತದೆ. ಸಿಗಡಿ ಅಲರ್ಜಿಗೆ ಇದೇ ಮುಖ್ಯ ಕಾರಣವೆಂದು 1993ರಲ್ಲಿ ತೋರಿಸಿಕೊಟ್ಟವರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪಿ.ವಿ. ಸುಬ್ಬರಾವ್ ಮತ್ತು ಅವರ ಸಂಗಡಿಗರು ಇದ್ದರು. ಅವರು ಅಧ್ಯಯನಕ್ಕೆ ತೆಗೆದುಕೊಂಡದ್ದು ನಮ್ಮ ಕಡಲಲ್ಲಿ ಸಿಗುವ ಬಿಳಿ ಸಿಗಡಿಯನ್ನೇ.

ಅಡುಗೆ ಮಾಡುವವರು ನೆನಪಿಡಬೇಕಾದ ಒಂದು ಸಂಗತಿ ಇದೆ. ಟ್ರೋಪೋಮಯೋಸಿನ್ ಬೆಂಕಿಗೆ ಹೆದರುವುದಿಲ್ಲ. ಬೇಯಿಸಿದರೂ, ಹುರಿದರೂ, ಒಣಗಿಸಿ ಪುಡಿ ಮಾಡಿದರೂ ಅದರ ಗುಣ ಹೋಗುವುದಿಲ್ಲ. "ಚೆನ್ನಾಗಿ ಬೇಯಿಸಿದ್ದೇವೆ, ಏನೂ ಆಗುವುದಿಲ್ಲ" ಎಂಬ ಮಾತಿಗೆ ಆಧಾರವಿಲ್ಲ. ಸಿಗಡಿ ಬೇಯುವಾಗ ಏಳುವ ಹಬೆಯೇ ಕೆಲವರಿಗೆ ಕೆಮ್ಮು, ಉಬ್ಬಸ ತರುತ್ತದೆ.

ಸಿಗಡಿ ಅಲರ್ಜಿ ಯಾವ ವಯಸ್ಸಿನಲ್ಲೂ ಶುರುವಾಗಬಹುದು. ಇಷ್ಟು ವರ್ಷ ತಿಂದು ಏನೂ ಆಗದವರಿಗೆ ನಲವತ್ತರ ನಂತರ ಆರಂಭವಾಗುವುದೂ ಉಂಟು. ಒಮ್ಮೆ ಬಂದರೆ ಹೆಚ್ಚಿನವರಲ್ಲಿ ಅದು ಕೊನೆಯವರೆಗೂ ಉಳಿಯುತ್ತದೆ.

ಲಕ್ಷಣಗಳು

ಸಾಮಾನ್ಯವಾಗಿ ತಿಂದ ಕೆಲವು ನಿಮಿಷಗಳಿಂದ 2 ಗಂಟೆಯೊಳಗೆ ಲಕ್ಷಣಗಳು ಕಾಣಿಸಿಕೊಳ್ಳುತ್ತವೆ. ಬಾಯಿ, ನಾಲಗೆ ತುರಿಸುವುದು, ಪಿತ್ತಗಂಧೆಯಂಥ ದದ್ದು, ತುಟಿ ಮತ್ತು ಕಣ್ಣಿನ ರೆಪ್ಪೆ ಊದುವುದು, ಹೊಟ್ಟೆನೋವು, ವಾಂತಿ, ಭೇದಿ ಸಾಮಾನ್ಯ.

ಅಪಾಯದ ಗುರುತುಗಳು ಇವು: ಸ್ವರ ಒಡೆಯುವುದು, ನುಂಗಲು ಕಷ್ಟವಾಗುವುದು, ಉಬ್ಬಸ, ಬಿಡದ ಕೆಮ್ಮು, ತಲೆ ತಿರುಗುವುದು, ಮೈ ಬಿಳಿಚಿಕೊಂಡು ತಣ್ಣಗಾಗುವುದು, ಪ್ರಜ್ಞೆ ತಪ್ಪುವುದು. ಇದನ್ನು ಅನಾಫಿಲ್ಯಾಕ್ಸಿಸ್ ಎನ್ನುತ್ತಾರೆ. ಚರ್ಮದ ಮೇಲೆ ಒಂದೂ ದದ್ದು ಇಲ್ಲದೆಯೂ ಇದು ಬರಬಹುದು. ಹಳೆಯ ಉಬ್ಬಸ ಇರುವವರಿಗೆ ಅಪಾಯ ಹೆಚ್ಚು. ಊಟದ ಹಿಂದೆಯೇ ಓಟ, ಆಟ, ಕುಣಿತ, ಮದ್ಯಪಾನ ಅಥವಾ ಕೆಲವು ನೋವಿನ ಮಾತ್ರೆಗಳು ಸೇರಿದರೆ ಸಣ್ಣ ತೊಂದರೆಯೂ ದೊಡ್ಡದಾಗಬಹುದು. ಮದುವೆ ಮನೆಗಳಲ್ಲಿ ಇವೆಲ್ಲ ಒಟ್ಟಿಗೇ ಇರುತ್ತವೆ ಎಂಬುದನ್ನು ಮರೆಯಬಾರದು.

ಅಲರ್ಜಿಯಂತೆ ಕಾಣುವ ಬೇರೆ ತೊಂದರೆಗಳು

ಕಡಲಿನ ಆಹಾರ ತಿಂದು ಆಗುವ ಎಲ್ಲ ತೊಂದರೆಯೂ ಅಲರ್ಜಿಯಲ್ಲ. ಬಂಗುಡೆ, ಬೂತಾಯಿ, ಕೇದಾರದಂಥ ಮೀನುಗಳನ್ನು ಮಂಜುಗಡ್ಡೆ ಇಲ್ಲದೆ ಬಿಸಿಲಲ್ಲಿ ಇಟ್ಟರೆ ಅವುಗಳಲ್ಲಿ ಹಿಸ್ಟಮಿನ್ ತುಂಬಿಕೊಳ್ಳುತ್ತದೆ. ಅಂಥ ಮೀನು ತಿಂದರೆ ಮುಖ ಕೆಂಪಾಗುವುದು, ತಲೆನೋವು, ದದ್ದು, ಎದೆ ಬಡಿತ ಬರುತ್ತವೆ. ನೋಡಲು ಅಲರ್ಜಿಯಂತೆಯೇ ಇರುತ್ತದೆ. ಬೇಯಿಸಿದರೂ ಆ ಹಿಸ್ಟಮಿನ್ ಹೋಗುವುದಿಲ್ಲ. ಆದರೆ ಇದು ಆ ಮೀನಿನ ದೋಷ, ತಿಂದವರ ದೇಹದ್ದಲ್ಲ. ಒಂದೇ ಪಾತ್ರೆಯಿಂದ ಉಂಡ ನಾಲ್ಕಾರು ಜನರಿಗೆ ಒಟ್ಟಿಗೆ ಹೀಗಾದರೆ ಮೊದಲು ಇದನ್ನು ಅನುಮಾನಿಸಬೇಕು. ಕೆಟ್ಟ ಮರುವಾಯಿಯಿಂದ ವಾಂತಿ ಭೇದಿ ಆಗುವುದೂ ಹೀಗೆಯೇ.

ಇನ್ನೊಂದು ತಪ್ಪು ತಿಳಿವಳಿಕೆ ಅಯೋಡಿನ್ ಕುರಿತದ್ದು. ಸಿಗಡಿ ಆಗದವರಿಗೆ ಸಿ.ಟಿ. ಸ್ಕ್ಯಾನಿನ ಅಯೋಡಿನ್ ಔಷಧಿಯೂ ಆಗುವುದಿಲ್ಲ ಎಂದು ಹಲವರು ಹೆದರುತ್ತಾರೆ. ಎರಡಕ್ಕೂ ಸಂಬಂಧವಿಲ್ಲ. ನಿಮ್ಮ ಅಲರ್ಜಿಯ ವಿಷಯ ವೈದ್ಯರಿಗೆ ಹೇಳಿ, ಆದರೆ ಆ ಭಯದಿಂದ ಬೇಕಾದ ಸ್ಕ್ಯಾನನ್ನು ತಪ್ಪಿಸಬೇಡಿ.

ಖಚಿತ ಮಾಡಿಕೊಳ್ಳುವುದು ಹೇಗೆ?

ಮೊದಲನೆಯ ಪರೀಕ್ಷೆ ನಿಮ್ಮ ಮಾತು. ಏನು ತಿಂದಿರಿ, ಎಷ್ಟು ತಿಂದಿರಿ, ಎಷ್ಟು ಹೊತ್ತಿಗೆ ತೊಂದರೆ ಶುರುವಾಯಿತು, ಹಿಂದೆ ಹೀಗಾಗಿತ್ತೇ, ಜೊತೆಗೆ ಯಾವ ಮಾತ್ರೆ ತೆಗೆದುಕೊಂಡಿದ್ದಿರಿ ಎಂಬುದನ್ನೆಲ್ಲ ಒಂದು ಕಾಗದದಲ್ಲಿ ಬರೆದುಕೊಂಡು ಹೋಗಿ. ದದ್ದಿನ ಫೋಟೋ ಮೊಬೈಲಿನಲ್ಲಿ ಇದ್ದರೆ ತೋರಿಸಿ. ಈ ವಿವರವಿಲ್ಲದೆ ಮಾಡಿದ ಯಾವ ಪರೀಕ್ಷೆಯೂ ಪೂರ್ತಿ ಹೇಳಲಾರದು.

ಎರಡನೆಯದು ಚರ್ಮದ ಚುಚ್ಚು ಪರೀಕ್ಷೆ. ಮುಂಗೈ ಮೇಲೆ ಸಿಗಡಿಯ ಸತ್ವದ ಹನಿ ಇಟ್ಟು ಮೆಲ್ಲಗೆ ಚುಚ್ಚುತ್ತಾರೆ. 15ರಿಂದ 20 ನಿಮಿಷದಲ್ಲಿ ಅಲ್ಲಿ ಗುಳ್ಳೆ ಏಳುತ್ತದೆಯೇ ಎಂದು ಅಳೆದು ನೋಡುತ್ತಾರೆ. ಅಲರ್ಜಿ ಮಾತ್ರೆಗಳನ್ನು ಕೆಲವು ದಿನ ಮೊದಲೇ ನಿಲ್ಲಿಸಬೇಕಾಗುತ್ತದೆ. ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳುತ್ತಾರೆ. ಮೂರನೆಯದು ರಕ್ತದಲ್ಲಿ ಸಿಗಡಿಯ ವಿರುದ್ಧದ ಐಜಿಇ ಎಷ್ಟಿದೆ ಎಂದು ನೋಡುವುದು.

ಇಲ್ಲಿ ಒಂದು ಎಚ್ಚರಿಕೆ. ಪರೀಕ್ಷೆ ಪಾಸಿಟಿವ್ ಬಂದ ಮಾತ್ರಕ್ಕೆ ಅಲರ್ಜಿ ಇದೆ ಎಂದಲ್ಲ. ಟ್ರೋಪೋಮಯೋಸಿನ್‌ನಂಥ ಪ್ರೋಟೀನು ಮನೆಯ ಧೂಳಿನ ನುಸಿಯಲ್ಲೂ ಜಿರಳೆಯಲ್ಲೂ ಇದೆ. ನಮ್ಮ ಕರಾವಳಿಯ ತೇವದಲ್ಲಿ ಧೂಳಿನ ನುಸಿಗೆ ಬರವಿಲ್ಲ. ಧೂಳಿನ ಅಲರ್ಜಿ ಇರುವವರ ರಕ್ತ ಪರೀಕ್ಷೆಯಲ್ಲಿ ಸಿಗಡಿಯ ಐಜಿಇ ಕಂಡುಬಂದರೂ ಅವರು ಸಿಗಡಿಯನ್ನು ತೊಂದರೆ ಇಲ್ಲದೆ ತಿನ್ನುತ್ತಿರಬಹುದು. ಅಂಥವರು ಅದನ್ನು ಬಿಡಬೇಕಾಗಿಲ್ಲ. ಹಾಗೆಯೇ, ಐಜಿಜಿ ಪರೀಕ್ಷೆ ಮಾಡಿ ನೂರಾರು ಆಹಾರಗಳ ಪಟ್ಟಿ ಕೊಡುವ ಪ್ಯಾಕೇಜುಗಳಿವೆ. ಆಹಾರದ ಅಲರ್ಜಿ ಪತ್ತೆಗೆ ಅವುಗಳಿಂದ ಪ್ರಯೋಜನವಿಲ್ಲ.

ಸಂಶಯ ಉಳಿದರೆ ಕೊನೆಯ ದಾರಿ ತಿನ್ನಿಸಿ ನೋಡುವುದು. ಅದನ್ನು ಆಸ್ಪತ್ರೆಯಲ್ಲಿ, ವೈದ್ಯರ ಎದುರಿನಲ್ಲಿ, ಚುಚ್ಚುಮದ್ದು ಕೈಗೆಟಕುವಂತೆ ಇಟ್ಟುಕೊಂಡು, ಅತಿ ಸಣ್ಣ ತುಣುಕಿನಿಂದ ಆರಂಭಿಸಿ ಮಾಡುತ್ತಾರೆ. ಮನೆಯಲ್ಲಿ ಇದನ್ನು ಎಂದಿಗೂ ಮಾಡಬೇಡಿ.

ತುರ್ತು ಸಮಯದಲ್ಲಿ

ಅನಾಫಿಲ್ಯಾಕ್ಸಿಸ್‌ಗೆ ಮೊದಲ ಔಷಧಿ ಅಡ್ರಿನಾಲಿನ್ ಚುಚ್ಚುಮದ್ದು. ಅದನ್ನು ತೊಡೆಯ ಹೊರಬದಿಯ ನಡುಭಾಗದ ಮಾಂಸಖಂಡಕ್ಕೆ ಕೊಡಬೇಕು. ಅಲರ್ಜಿ ಮಾತ್ರೆ ತುರಿಕೆ ಇಳಿಸುತ್ತದೆ, ಆದರೆ ಕಟ್ಟಿದ ಉಸಿರನ್ನು ಬಿಡಿಸುವುದಿಲ್ಲ. ಕುಸಿದ ರಕ್ತದೊತ್ತಡವನ್ನು ಏರಿಸುವುದೂ ಇಲ್ಲ. ಸ್ಟೀರಾಯ್ಡ್ ಕೆಲಸ ಮಾಡಲು ಗಂಟೆಗಳು ಬೇಕು. ಆದ್ದರಿಂದ:

1. ತಿನ್ನುವುದನ್ನು ನಿಲ್ಲಿಸಿ. ಲಿಂಬೆ ಪಾನಕ, ಕಷಾಯ ಯಾವುದೂ ಬೇಡ. ವಾಂತಿ ಮಾಡಿಸಬೇಡಿ.

2. ವೈದ್ಯರು ಮೊದಲೇ ಅಡ್ರಿನಾಲಿನ್ ಬರೆದುಕೊಟ್ಟು ಕಲಿಸಿದ್ದರೆ, ಅವರು ಹೇಳಿದ ಪ್ರಮಾಣದಲ್ಲಿ ಕೂಡಲೇ ಕೊಡಿ. ಗುಣ ಕಾಣದಿದ್ದರೆ 5ರಿಂದ 15 ನಿಮಿಷದಲ್ಲಿ ಎರಡನೆಯದು ಬೇಕಾಗಬಹುದು.

3. ರೋಗಿಯನ್ನು ಮಲಗಿಸಿ ಕಾಲುಗಳನ್ನು ಎತ್ತರದಲ್ಲಿಡಿ. ಉಸಿರಾಟ ಕಷ್ಟವಾಗಿದ್ದರೆ ಕಾಲು ಚಾಚಿ ಕುಳಿತಿರಲಿ. ವಾಂತಿ ಮಾಡುತ್ತಿದ್ದರೆ ಪಕ್ಕಕ್ಕೆ, ಗರ್ಭಿಣಿಯಾಗಿದ್ದರೆ ಎಡಕ್ಕೆ ಹೊರಳಿಸಿ. ಎಬ್ಬಿಸಿ ನಿಲ್ಲಿಸಬೇಡಿ, ನಡೆಸಬೇಡಿ. ರಕ್ತದೊತ್ತಡ ಇಳಿದಿರುವಾಗ ಎದ್ದು ನಿಂತರೆ ಹೃದಯಕ್ಕೆ ರಕ್ತ ಸಾಲದೆ ಪ್ರಾಣಕ್ಕೇ ಅಪಾಯ. ನಾವು ಅಂದು ಮಾಡಿದ ದೊಡ್ಡ ತಪ್ಪು ಇದು. ಕಾರು ರೋಗಿಯ ಬಳಿಗೆ ಬರಬೇಕು. ಬರಲಾಗದಿದ್ದರೆ ಮಲಗಿಸಿದಂತೆಯೇ ಹೊತ್ತುಕೊಂಡು ಹೋಗಬೇಕು.

4. 108 ಅಥವಾ 112ಕ್ಕೆ ಕರೆ ಮಾಡಿ. 108 ಆಂಬ್ಯುಲೆನ್ಸ್ ತಲಪಾಡಿ ಗಡಿಯ ಆಚೆಗೂ ಈಚೆಗೂ ಇದೆ. ಗಡಿ ದಾಟಿ ದೊಡ್ಡ ಆಸ್ಪತ್ರೆಗೆ ಹೋಗೋಣವೆಂದು ಹೊತ್ತು ಕಳೆಯಬೇಡಿ. ಅಡ್ರಿನಾಲಿನ್ ಅಗ್ಗದ ಔಷಧಿ, ಸಣ್ಣ ಆಸ್ಪತ್ರೆಗಳಲ್ಲೂ ಇರುತ್ತದೆ. ಮೊದಲು ಹತ್ತಿರದ ಆಸ್ಪತ್ರೆಗೆ ಹೋಗಿ.

5. ಬಾಗಿಲಲ್ಲೇ ಹೇಳಬೇಕಾದ ಮಾತು: "ಸಿಗಡಿ ತಿಂದು ಅಲರ್ಜಿ ಆಗಿದೆ, ಉಸಿರು ಕಟ್ಟುತ್ತಿದೆ." ಉಳಿದದ್ದನ್ನು ಆಮೇಲೆ ಹೇಳಿದರೆ ಸಾಕು.

6. ಗುಣವಾಯಿತೆಂದು ಕೂಡಲೇ ಮನೆಗೆ ಮರಳಬೇಡಿ. ಕೆಲವು ಗಂಟೆಗಳ ನಂತರ ಲಕ್ಷಣಗಳು ಮತ್ತೆ ಬರುವುದುಂಟು. ವೈದ್ಯರು ಹೇಳಿದಷ್ಟು ಹೊತ್ತು ಅಲ್ಲೇ ಇರಿ.

ಒಮ್ಮೆ ಹೀಗಾದವರು ಮುಂದಿನ ಸಲಕ್ಕೆ ಏನು ಸಿದ್ಧತೆ ಬೇಕೆಂದು ವೈದ್ಯರನ್ನು ಕೇಳಲೇಬೇಕು. ತಾನಾಗಿ ಚುಚ್ಚುವ ಅಡ್ರಿನಾಲಿನ್ ಪೆನ್ನು ನಮ್ಮ ದೇಶದಲ್ಲಿ ಸುಲಭವಾಗಿ ಸಿಗುವುದಿಲ್ಲ. ಅದಿಲ್ಲದಿದ್ದರೆ ಏನು ಇಟ್ಟುಕೊಳ್ಳಬೇಕು, ಮನೆಯವರಲ್ಲಿ ಯಾರು ಕಲಿಯಬೇಕು ಎಂಬುದನ್ನು ಅವರೊಂದಿಗೇ ತೀರ್ಮಾನಿಸಿ.

ದಿನನಿತ್ಯದ ಎಚ್ಚರ

ಒಣ ಸಿಗಡಿ ಚಟ್ನಿಪುಡಿ, ಸಿಗಡಿ ಉಪ್ಪಿನಕಾಯಿ, ಮೀನಿನ ಸಾರಿಗೆ ರುಚಿಗೆಂದು ಹಾಕುವ ನಾಲ್ಕು ಸಿಗಡಿ, ಚೈನೀಸ್ ತಿಂಡಿಗಳ ಆಯ್ಸ್ಟರ್ ಸಾಸ್, ಹೋಟೆಲಿನಲ್ಲಿ ಎಲ್ಲವನ್ನೂ ಕರಿಯುವ ಒಂದೇ ಎಣ್ಣೆ: ಅಪಾಯ ಅಡಗಿರುವುದು ಇಂಥ ಕಡೆ. ಮನೆಯಲ್ಲಿ ಅಲರ್ಜಿ ಇರುವವರ ಅಡುಗೆಯನ್ನು ಮೊದಲು ಮಾಡಿ ಮುಚ್ಚಿಡಿ. ಕತ್ತಿ, ಮಣೆ, ಕಾವಲಿ, ಸೌಟು ಬೇರೆ ಇರಲಿ.

ಅಂಗಡಿಯ ಪೊಟ್ಟಣದ ಮೇಲಿನ ಬರಹ ಓದಿ. ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಲೇಬಲ್ ನಿಯಮಗಳ ಪ್ರಕಾರ ಸಿಗಡಿ, ಏಡಿ ವರ್ಗದ ಪದಾರ್ಥ ಇದ್ದರೆ ಅದನ್ನು ಪ್ರತ್ಯೇಕವಾಗಿ ತಿಳಿಸಬೇಕು. ಆದರೆ ಆ ಅಲರ್ಜಿ ಪಟ್ಟಿಯಲ್ಲಿ ಮರುವಾಯಿ, ಬೊಂಡಾಸ್ ವರ್ಗದ ಹೆಸರಿಲ್ಲ. ಅವು ಆಗದವರು ಪದಾರ್ಥಗಳ ಪಟ್ಟಿಯನ್ನು ಪೂರ್ತಿ ಓದಬೇಕು.

ಪರ್ಸಿನಲ್ಲೋ ಶಾಲೆಯ ಚೀಲದಲ್ಲೋ ಒಂದು ಚೀಟಿ ಇರಲಿ. ಕನ್ನಡದಲ್ಲಿ ಮಾತ್ರ ಬರೆದರೆ ಸಾಲದು, ಮಲಯಾಳ ಮತ್ತು ಇಂಗ್ಲಿಷಿನಲ್ಲೂ ಬರೆಸಿ: "ನನಗೆ ಸಿಗಡಿ, ಏಡಿಯ ತೀವ್ರ ಅಲರ್ಜಿ ಇದೆ. ಉಸಿರು ಕಟ್ಟಿದರೆ ಕೂಡಲೇ ಅಡ್ರಿನಾಲಿನ್ ಬೇಕು. ಮನೆಯ ಫೋನ್ ಸಂಖ್ಯೆ ಇದು." ಪ್ರಜ್ಞೆ ತಪ್ಪಿದವರ ಪರವಾಗಿ ಮಾತನಾಡುವುದು ಈ ಚೀಟಿ.

ನಮ್ಮ ಊಟದ ಮೇಜು

ಇಷ್ಟೆಲ್ಲ ಕಲಿತ ಮೇಲೂ ಅಲರ್ಜಿ ಇರುವವರು ಒಬ್ಬರೇ ತಮ್ಮನ್ನು ಕಾಪಾಡಿಕೊಳ್ಳಲಾರರು. ಚಟ್ನಿಯಲ್ಲಿ ಏನಿದೆ ಎಂಬುದು ಅರೆದವರಿಗೆ ಮಾತ್ರ ಗೊತ್ತಿರುತ್ತದೆ. ಆದ್ದರಿಂದ ಜವಾಬ್ದಾರಿ ಅಡುಗೆ ಮಾಡಿದವರದೂ ಬಡಿಸಿದವರದೂ ಆಗುತ್ತದೆ. ಗೋಧಿ ಆಗದವರು ಪರಮಪ್ರಸಾದದಿಂದ ವಂಚಿತರಾಗಬಾರದೆಂದು ಧರ್ಮಸಭೆ ಗೋಧಿಯ ಅಂಟು ಅತಿ ಕಡಿಮೆ ಇರುವ ರೊಟ್ಟಿಗೆ ಅನುಮತಿ ಕೊಟ್ಟಿದೆ. ಬಲಿಪೀಠದಲ್ಲಿ ತೋರಿದ ಆ ಕಾಳಜಿ ಚರ್ಚಿನ ಸಭಾಂಗಣದ ಊಟಕ್ಕೂ ಇಳಿದು ಬರಬೇಡವೇ? ನಾವು ತಿನ್ನುವ ಆಹಾರ ಸಹೋದರನಿಗೆ ಕೇಡಾಗದಿರಲಿ ಎಂಬ ವಿಚಾರವನ್ನು ಸಂತ ಪೌಲರು ಕೊರಿಂಥದವರಿಗೆ ಬರೆದ ಮೊದಲ ಪತ್ರದ 8ನೇ ಅಧ್ಯಾಯದಲ್ಲಿ ಎತ್ತಿದ್ದಾರೆ. ಅವರು ಹೇಳಿದ್ದು ಮನಸ್ಸಾಕ್ಷಿಯ ಕುರಿತು. ನಮಗೆ ಇಲ್ಲಿ ಸಹೋದರನ ಉಸಿರಿನ ಪ್ರಶ್ನೆಯೂ ಇದೆ.

ಆದ್ದರಿಂದ ಮೂರು ಸಣ್ಣ ನಿಯಮಗಳನ್ನು ಸೂಚಿಸುತ್ತೇವೆ. ವಾಳೆಯ ಊಟಗಳಲ್ಲಿ ಸಿಗಡಿ, ಏಡಿ, ಮರುವಾಯಿ ಇರುವ ಪಾತ್ರೆಯ ಮುಂದೆ ಹೆಸರಿನ ಚೀಟಿ ಇಡೋಣ, ಅದಕ್ಕೆ ಬೇರೆ ಸೌಟು ಇಡೋಣ. ಕೇಳುವವರು "ಮೀನು ಉಂಟಾ?" ಎಂದು ಕೇಳದೆ "ಸಿಗಡಿ ಉಂಟಾ, ಏಡಿ ಉಂಟಾ, ಒಣ ಸಿಗಡಿ ಹಾಕಿದ್ದೀರಾ?" ಎಂದು ಹೆಸರಿಟ್ಟು ಕೇಳಲಿ. ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ತಿನ್ನಬೇಡ" ಎಂದು ಹೇಳಲು ಯಾರೂ ಸಂಕೋಚಪಡಬಾರದು. ಒಬ್ಬರು ಬೇಡವೆಂದಾಗ ಒತ್ತಾಯ ಮಾಡುವುದು ನಮ್ಮ ಆತಿಥ್ಯದ ರೀತಿ, ಒಪ್ಪುತ್ತೇವೆ. ಈ ಒಂದು ವಿಷಯದಲ್ಲಿ ಆ ರೀತಿಯನ್ನು ಬಿಡೋಣ.

ಆ ಹುಡುಗ ಈಗ ಕೆಲಸಕ್ಕೆ ಸೇರಿದ್ದಾನೆ. ನಮ್ಮ ಕೂಟಗಳಿಗೆ ಇಂದಿಗೂ ಬರುತ್ತಾನೆ. ಆದರೆ ಬುತ್ತಿ ಕಟ್ಟಿಕೊಂಡು ಬರುತ್ತಾನೆ. ಅವನು ಬುತ್ತಿ ಮನೆಯಲ್ಲೇ ಬಿಟ್ಟು ನಮ್ಮೊಂದಿಗೆ ನಿಶ್ಚಿಂತೆಯಿಂದ ಊಟಕ್ಕೆ ಕುಳಿತ ದಿನ, ಈ ಪಾಠವನ್ನು ನಾವು ನಿಜವಾಗಿ ಕಲಿತೆವೆಂದು ತಿಳಿಯುತ್ತೇವೆ.

ವಾಳೆ ಸಭೆಯಲ್ಲಿ ಚರ್ಚೆಗೆ

1. ನಮ್ಮ ವಾಳೆಯಲ್ಲಿ ಯಾವುದಾದರೂ ಆಹಾರ ಮೈಗೆ ಆಗದವರು ಎಷ್ಟು ಜನ? ಅವರಲ್ಲಿ ವೈದ್ಯರಿಂದ ಖಚಿತ ಮಾಡಿಕೊಂಡವರು ಎಷ್ಟು?
2. ಚರ್ಚಿನಿಂದ ಹತ್ತಿರದ, ರಾತ್ರಿಯೂ ತೆರೆದಿರುವ ಆಸ್ಪತ್ರೆ ಯಾವುದು? ಅಲ್ಲಿಗೆ ಎಷ್ಟು ನಿಮಿಷದ ದಾರಿ?
3. ಮುಂದಿನ ಕೂಟದ ಅಡುಗೆಯಲ್ಲಿ ಹೆಸರಿನ ಚೀಟಿ ಬರೆಯುವ ಹೊಣೆ ಯಾರದು?

ದೇವರು ನಿಮ್ಮೆಲ್ಲರನ್ನೂ ನಿಮ್ಮ ಮನೆಯ ಊಟದ ಮೇಜನ್ನೂ ಹರಸಲಿ.